ಬೇರೆ ಹೆಸರಿನ ಬಾಟಲಿ

"ಅಮ್ಮಾ, ಬಾಟಲಿ ದೊಡ್ಡಮ್ಮ ಯಾಕೆ ನೀರೇ ಕುಡಿಯಲ್ಲ?"

ಮೆಟ್ಟಿಲ ತಿರುವಿನಲ್ಲಿ ನಿಂತು ಮಹಡಿ ಮನೆಯ ಪುಟ್ಟಿ ಹೀಗೆ ಕೇಳಿದಾಗ ಕೆಳಗಿನ ಮನೆಯ ದೊಡ್ಡಮ್ಮ ಎರಡೇ ಮೆಟ್ಟಿಲು ಕೆಳಗಿದ್ದರು. ಐದು ವರ್ಷದ ಮಗುವಿಗೆ ಪಿಸುಮಾತು ಅಂದರೇನೆಂದು ಇನ್ನೂ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಶಾಲೆಯ ಬ್ಯಾಗು ಹಿಡಿದಿದ್ದ ಪುಟ್ಟಿಯ ಅಮ್ಮ ಸುಮ್ಮನಿರು ಎಂದು ಕಣ್ಣಲ್ಲೇ ಗದರಿದಳು. ಆದರೆ ಪುಟ್ಟಿ ಸಾಕ್ಷಿ ಇಲ್ಲದೆ ಮಾತಾಡುವವಳಲ್ಲ. ದೊಡ್ಡಮ್ಮನ ಚೀಲದಿಂದ ಇಣುಕುತ್ತಿದ್ದ ನೀಲಿ ಮುಚ್ಚಳದ ಬಾಟಲಿಯತ್ತ ಬೊಟ್ಟು ಮಾಡಿ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನೀರು ಕತ್ತಿನವರೆಗೆ ಇತ್ತು, ಈಗಲೂ ಕತ್ತಿನವರೆಗೇ ಇದೆ, ನಿನ್ನೆಯೂ ಹಾಗೇ ಇತ್ತು ಎಂದು ವರದಿ ಒಪ್ಪಿಸಿದಳು.

"ನಾನು ಒಂಟೆ ಕಣೇ. ಒಂದ್ಸಲ ಕುಡಿದ್ರೆ ವಾರಕ್ಕೆ ಸಾಕು," ಎಂದು ದೊಡ್ಡಮ್ಮ ನಕ್ಕರು. ನಗುವಾಗ ಮೊಣಕಾಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದುಕೊಂಡದ್ದು ಯಾರಿಗೂ ಕಾಣಲಿಲ್ಲ. ಅದು ಕಾಣದಿರಲಿ ಎಂದೇ ಅವರು ಈಚೆಗೆ ದೊಗಲೆ ಬಟ್ಟೆ ಹಾಕುತ್ತಿದ್ದದ್ದು. ಮನೆಯ ಬಾಗಿಲು ತೆರೆದು, ಬಾಟಲಿಯ ನೀರನ್ನು ಕಿಟಕಿಯ ಹೂಕುಂಡಕ್ಕೆ ಸುರಿದರು. ಗಡಿಯಾರ ರಿಪೇರಿ ಮಾಡುವ ಅವರ ಗಂಡ ಕಣ್ಣಿಗೆ ಸಿಕ್ಕಿಸಿದ್ದ ಮಸೂರದ ಹಿಂದಿನಿಂದಲೇ, ಆ ಗಿಡವನ್ನು ಮುಳುಗಿಸಿ ಕೊಲ್ಲುವ ಹರಕೆ ಏನಾದರೂ ಇದೆಯೇ ಎಂದು ಕೇಳಿದರು. ದೊಡ್ಡಮ್ಮ ನೇರ ಬಚ್ಚಲುಮನೆಗೆ ನಡೆದರು. ಅವರು ಬಾಗಿಲು ಹಾಕಿಕೊಳ್ಳುವ ಮೊದಲೇ ಗಂಡನ ಎರಡನೇ ಮಾತೂ ಬಂತು: ಒಳಗೊಂದು ಕುರ್ಚಿ ಹಾಕಿಸಿಕೊಡಲೇ, ಹೋಗಿ ಬರುವ ತಾಪತ್ರಯ ತಪ್ಪುತ್ತದೆ. ಅವರದು ಬರೀ ತಮಾಷೆ. ತಮಾಷೆಯಾಗಿಯೇ ಉಳಿಯಲಿ ಎಂಬುದೇ ದೊಡ್ಡಮ್ಮನ ಆಸೆಯಾಗಿತ್ತು.

ಬಾಟಲಿ ದೊಡ್ಡಮ್ಮ ಎಂಬ ಹೆಸರು ಅವರಿಗೆ ಕೆಲಸದಿಂದ ಬಂದದ್ದು. ಎರಡು ಬೀದಿ ಆಚೆ, ಒಂದು ದವಾಖಾನೆಗೆ ಅಂಟಿಕೊಂಡ ಸಣ್ಣ ಲ್ಯಾಬಿನ ಮುಂದಿನ ಕಿಟಕಿಯ ಹಿಂದೆ ಅವರು ಇಪ್ಪತ್ತಾರು ವರ್ಷದಿಂದ ಕೂತಿದ್ದರು. ಡಾಕ್ಟರ ಚೀಟಿ ತೆಗೆದುಕೊಳ್ಳುವುದು, ಹೆಸರು ದಾಖಲಿಸುವುದು, ನಂಬರಿನ ಲೇಬಲ್ಲು ಕಿತ್ತು ಬಾಟಲಿಗೆ ಅಂಟಿಸುವುದು, ಬಾಟಲಿ ಕೊಡುತ್ತ ಮೂತ್ರ ಹೇಗೆ ಹಿಡಿಯಬೇಕೆಂದು ಹೇಳುವುದು, ಸಂಜೆ ವರದಿಗಳನ್ನು ಲಕೋಟೆಗೆ ತುಂಬಿ ಕೊಡುವುದು. ಮೊದಲಿನದು ಬಿಡಿ, ನಡುವಿನದು ಹಿಡೀರಿ, ಕೊನೆಯದು ಮತ್ತೆ ಬಿಡಿ. ಕಂಡಕ್ಟರು ನಿಲ್ದಾಣದ ಹೆಸರು ಕೂಗುವಂತೆ ಅವರು ಇದನ್ನು ಕೂಗಿ ಹೇಳುತ್ತಿದ್ದರು. ಎದುರಿಗೆ ನಿಂತವರು ಬ್ಯಾಂಕಿನ ದೊಡ್ಡ ಅಧಿಕಾರಿಯಾದರೂ ಅಷ್ಟೇ, ನಿನ್ನೆ ಮೊನ್ನೆ ಮದುವೆಯಾದ ಹುಡುಗಿಯಾದರೂ ಅಷ್ಟೇ.

ವರದಿಯಲ್ಲಿನ ಪದಗಳಿಗೆ ಹೆದರಿ ಬಂದವರಿಗೆ ಅರ್ಥ ಬಿಡಿಸುವುದೂ ಬರಬರುತ್ತ ಅವರ ಕೆಲಸವೇ ಆಗಿಹೋಗಿತ್ತು. ಪಸ್ ಸೆಲ್ ಅಂದರೆ ಕೀವಿನ ಕಣ. ಎರಡೋ ಮೂರೋ ಇದ್ದರೆ ಯಾರಿಗೂ ಇರುವಂಥದ್ದೇ, ಎಣಿಸಲಾಗದಷ್ಟಿದ್ದರೆ ಸೋಂಕು. ಆಲ್ಬುಮಿನ್ ಇದ್ದರೆ ಮೂತ್ರಪಿಂಡದ ಜರಡಿಯಲ್ಲಿ ನಿಲ್ಲಬೇಕಾದದ್ದು ನಿಂತಿಲ್ಲವೆಂದು ಅರ್ಥ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಸಣ್ಣ ಕೊಳವೆ ಮೂತ್ರನಾಳ; ಕಲ್ಲು ಸಿಕ್ಕಿಕೊಂಡು ಎಂಥ ಗಟ್ಟಿ ಗಂಡಸನ್ನೂ ನೆಲದ ಮೇಲೆ ಹೊರಳಾಡಿಸುವುದು ಅಲ್ಲೇ. ವಯಸ್ಸಾದವರಿಗೆ ಧಾರೆ ಸಣ್ಣಗಾದರೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿರಬಹುದು. ಹೆಂಗಸರಿಗೆ ಉರಿಮೂತ್ರ ಮತ್ತೆ ಮತ್ತೆ ಬರುವುದಕ್ಕೆ ಕಾರಣ, ಅವರಲ್ಲಿ ಹೊರಗಿನ ದಾರಿ ತೀರಾ ಗಿಡ್ಡ, ರೋಗಾಣುವಿಗೆ ನಾಲ್ಕೇ ಹೆಜ್ಜೆ. ಚೆನ್ನಾಗಿ ನೀರು ಕುಡೀರಿ, ತಡೆದುಕೊಂಡು ಕೂರಬೇಡಿ. ಇದರಲ್ಲಿ ನಾಚಿಕೆ ಎಂಥದ್ದು, ಮೂಗು ಸೋರಿದರೆ ನಾಚುತ್ತೀರಾ ಎಂದು ಅವರು ಕೇಳಿದರೆ ಎಂಥವರೂ ನಕ್ಕು ತಲೆ ಎತ್ತುತ್ತಿದ್ದರು.

ಒಳಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವರಿಗೆ ಸ್ಲೈಡ್ ಸಾಹೇಬರು ಎಂಬ ಹೆಸರು. ಕೆಲಸದಲ್ಲಿ ನಿಖರ, ಬಾಯಲ್ಲಿ ಚೂಪು. ಗಾಢ ಬಣ್ಣದ ಬಾಟಲಿ ಬಂದರೆ, ಯಾರೋ ಮೂರು ದಿನದ ಹಳೇ ಚಹಾ ಕಳಿಸಿದ್ದಾರೆ ಎನ್ನುತ್ತಿದ್ದರು. ಈ ಹೆಂಗಸು ನೀರನ್ನು ಬ್ಯಾಂಕಿನಲ್ಲಿ ಇಟ್ಟಿದ್ದಾಳೋ ಏನೋ ಎನ್ನುತ್ತಿದ್ದರು. ಹೆಸರು ಅವರು ನೋಡುತ್ತಿರಲಿಲ್ಲ. ಆದರೆ ದೊಡ್ಡಮ್ಮ ನೋಡುತ್ತಿದ್ದರು. ನೋಡಿಯೂ ಇಪ್ಪತ್ತಾರು ವರ್ಷ ಆ ಮಾತುಗಳಿಗೆ ನಕ್ಕಿದ್ದರು.

ಅವರದು ಶುರುವಾದದ್ದು ಮಗಳನ್ನು ಹೆತ್ತ ಮೇಲೆ. ಮೊದಮೊದಲು ಸೀನಿದರೆ ಒಂದು ಹನಿ, ಅಷ್ಟೇ. ಮಗಳು ಓದಿ, ಮದುವೆಯಾಗಿ ಬೇರೆ ಮನೆ ಮಾಡುವ ಹೊತ್ತಿಗೆ ಕೆಮ್ಮಿದರೂ ನಕ್ಕರೂ ಸೋರುತ್ತಿತ್ತು. ಮೂತ್ರಕೋಶವನ್ನು ಎತ್ತಿ ಹಿಡಿಯುವ ಸ್ನಾಯುಗಳು ಸಡಿಲವಾದರೆ ಹೀಗಾಗುತ್ತದೆ, ಇದಕ್ಕೆ ಉಪಾಯವಿದೆ ಎಂದು ಅವರೇ ಕಿಟಕಿಯಲ್ಲಿ ನೂರು ಜನರಿಗೆ ಹೇಳಿದ್ದರು. ತಮಗೆ ಮಾತ್ರ ಬೇರೆ ಉಪಾಯ ಮಾಡಿಕೊಂಡರು: ನೀರು ನಿಲ್ಲಿಸಿದರು. ಹಳೆ ಟವೆಲ್ಲು ಕತ್ತರಿಸಿ ಒಳಗಿಡುವ ಬಟ್ಟೆ ಹೊಲಿದುಕೊಂಡರು. ಅದನ್ನು ಒಗೆದು, ಗಂಡನ ಅಂಗಿಯ ಅಡಿಯಲ್ಲಿ ಮರೆಯಾಗಿ ಒಣಗಿಸಿದರು. ಕುರ್ಚಿಯ ಮೇಲೆ ಮಡಿಸಿದ ಬಟ್ಟೆ ಹಾಕಿ, ಬೆನ್ನು ನೋವು ಅಂದರು.

ನೀರು ಬಿಟ್ಟ ದೇಹ ಸುಮ್ಮನಿರಲಿಲ್ಲ. ಉರಿ ಬಂತು. ಔಷಧಿ ಅಂಗಡಿಯಲ್ಲಿ ಅಕ್ಕನ ಮಗಳಿಗೆ ಎಂದು ಹೇಳಿ ಮಾತ್ರೆ ತಂದರು. ಹೋಯಿತು, ಮತ್ತೆ ಬಂತು. ಎರಡನೇ ಸಲವೂ ಹಾಗೇ. ಮೂರನೇ ಸಲ ಬಂದಾಗ ಬಣ್ಣ ಕೆಂಪಗಿತ್ತು. ಈಗ ಮಾಡಬೇಕಾದ್ದು ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಕಲ್ಚರ್ ಆಗಬೇಕು; ಒಳಗಿರುವ ರೋಗಾಣುವನ್ನು ಎರಡು ದಿನ ಬೆಳೆಸಿ, ಅದು ಯಾವ ಮಾತ್ರೆಗೆ ಸಾಯುತ್ತದೆಂದು ನೋಡಬೇಕು. ಆದರೆ ಅದಕ್ಕೆ ಬಾಟಲಿಯ ಮೇಲೆ ಹೆಸರು ಬೇಕು, ಡಾಕ್ಟರ ಚೀಟಿಯ ನಂಬರು ಬೇಕು. ಇಲ್ಲದ ಹೆಸರನ್ನು ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ. ತಮ್ಮದೇ ಹೆಸರು ಹಾಕಿದರೆ ಸ್ಲೈಡ್ ಸಾಹೇಬರು ಹೆಸರು ನೋಡದಿದ್ದರೂ ಅವರ ಪಕ್ಕದಲ್ಲಿ ಕೆಲಸ ಮಾಡುವ ಇಬ್ಬರು ನೋಡುತ್ತಾರೆ. ಬೇರೆ ಲ್ಯಾಬುಗಳ ಕಿಟಕಿಯವರೆಲ್ಲ ಅವರ ಕೈಕೆಳಗೆ ಕೆಲಸ ಕಲಿತು ಹೋದವರೇ.

ಆ ವಾರವೇ ಪುಟ್ಟಿಯ ಅಮ್ಮ ಮಗಳನ್ನು ಕರೆದುಕೊಂಡು ಬಂದಿದ್ದಳು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ಆ ತಾಯಿ ದಿನಚರಿ ಬರೆಯುವ ಹೆಣ್ಣು. ಮಗುವಿನ ಜ್ವರ, ಹಲ್ಲು, ಅಳು, ಎಲ್ಲದಕ್ಕೂ ಅವಳ ಪುಸ್ತಕದಲ್ಲಿ ತಾರೀಖು ಇರುತ್ತಿತ್ತು. ಹನ್ನೊಂದು ದಿನದಲ್ಲಿ ಏಳು ಸಲ ಎಂದು ಡಾಕ್ಟರಿಗೆ ಬರೆದೇ ತೋರಿಸಿದ್ದಳು. ಮಂಗಳವಾರ ಪುಟ್ಟಿಯ ಬಾಟಲಿ ಒಳಗೆ ಹೋಯಿತು, ಸಂಜೆಗೆ ವರದಿ ಬಂತು, ಎಲ್ಲ ಸರಿಯಾಗಿತ್ತು. ದೊಡ್ಡಮ್ಮನೇ ಲಕೋಟೆಯನ್ನು ಮೆಟ್ಟಿಲ ಮೇಲೆ ಅವಳ ಕೈಗೆ ಕೊಟ್ಟರು.

ಬುಧವಾರ ಬೆಳಿಗ್ಗೆ ಅವರು ಪುಟ್ಟಿಯ ನಂಬರಿನಲ್ಲೇ ಇನ್ನೊಂದು ಲೇಬಲ್ಲು ತೆಗೆದರು. ಮರುಪರೀಕ್ಷೆ, ಕಲ್ಚರ್. ಲ್ಯಾಬಿನ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು, ಮೊದಲಿನದು ಬಿಟ್ಟು ನಡುವಿನದು ಹಿಡಿದರು. ಅಭ್ಯಾಸದ ಕೈ ಬಾಟಲಿಗೆ ಲೇಬಲ್ಲನ್ನು ನೆಟ್ಟಗೆ ಅಂಟಿಸಿತು. ಮಗುವಿನ ಪರೀಕ್ಷೆ ಮುಗಿದೇ ಹೋಗಿದೆ, ಅವಳಿಗೇನೂ ನಷ್ಟವಿಲ್ಲ. ಎರಡನೇ ವರದಿಯ ಕಾಗದ ಹೇಗೂ ತಮ್ಮ ಕೈ ದಾಟಿಯೇ ಹೋಗಬೇಕು, ಅದನ್ನು ತೆಗೆದಿಟ್ಟುಕೊಂಡರೆ ಆಯಿತು. ಹಾಗೆಂದು ತಮಗೆ ತಾವೇ ಹೇಳಿಕೊಂಡರು.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮಂಗಳವಾರ ಬೆಳಿಗ್ಗೆ ಲ್ಯಾಬಿನ ಯಜಮಾನರು ಎಲ್ಲರನ್ನೂ ಸೇರಿಸಿ, ನಾಳೆಯಿಂದ ವರದಿಗಳು ಕಾಗದದ ಜತೆಗೆ ನೇರ ರೋಗಿಯ ಮನೆಯವರ ಮೊಬೈಲಿಗೂ ಹೋಗುತ್ತವೆ ಎಂದು ಹೇಳಿದ್ದರು. ಐದು ನಿಮಿಷದ ಮಾತು. ಆ ಐದು ನಿಮಿಷ ದೊಡ್ಡಮ್ಮ ಶೌಚಾಲಯದಲ್ಲಿದ್ದರು.

ಶುಕ್ರವಾರ ಸಂಜೆ ಕಾಗದ ಬಂತು. ಕೀವಿನ ಕಣ ಎಣಿಸಲಾಗದಷ್ಟು, ಕೆಂಪು ರಕ್ತಕಣ ಇದೆ, ರೋಗಾಣು ಬೆಳೆದಿದೆ, ಕೆಳಗೆ ಅದನ್ನು ಕೊಲ್ಲುವ ಮಾತ್ರೆಗಳ ಪಟ್ಟಿ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದ ಒಳಜೇಬಿಗೆ ಸೇರಿಸಿದರು. ತಿಂಗಳುಗಳ ಮೇಲೆ ಮೊದಲ ಸಲ ಒಂದು ಲೋಟ ನೀರು ಪೂರ್ತಿ ಕುಡಿದರು.

ಶನಿವಾರ ಹತ್ತೂವರೆಗೆ ಪುಟ್ಟಿಯ ಅಮ್ಮ ಕಿಟಕಿಯ ಮುಂದೆ ನಿಂತಿದ್ದಳು. ತಲೆ ಬಾಚಿರಲಿಲ್ಲ. ಮೊಬೈಲನ್ನು ಕಿಟಕಿಯ ಸಂದಿನಿಂದ ಒಳಗೆ ಚಾಚಿದಳು. ಪರದೆಯ ಮೇಲೆ ಮಗುವಿನ ಹೆಸರು, ಅದರ ಕೆಳಗೆ ದೊಡ್ಡಮ್ಮನ ಕೀವು, ದೊಡ್ಡಮ್ಮನ ರಕ್ತ.

ದೊಡ್ಡಮ್ಮ ಮೊಬೈಲನ್ನು ಬೋರಲು ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಅವಳು ತಗ್ಗಿದ ದನಿಯಲ್ಲಿ ಒಂದೇ ಸಮನೆ ಹೇಳಿದಳು. ನಿನ್ನೆ ಸಂಜೆ ಬಂತು. ಕೂಡಲೇ ಡಾಕ್ಟರ ಹತ್ತಿರ ಓಡಿದೆ. ಒಂದು ವರದಿ ಚೊಕ್ಕ, ಇನ್ನೊಂದು ಹೀಗೆ. ಯಾವುದನ್ನು ನಂಬಲಿ ಅಂದರು ಅವರು. ಔಷಧಿ ಶುರು ಮಾಡುವ ಮೊದಲು ಸಣ್ಣ ನಳಿಕೆ ಹಾಕಿ ಮೂತ್ರಕೋಶದಿಂದಲೇ ನೇರ ತೆಗೆಯಬೇಕು, ಅನುಮಾನ ಉಳಿಯುವುದಿಲ್ಲ ಅಂದರು. ಸೋಮವಾರ ಬೆಳಿಗ್ಗೆ.

"ನಳಿಕೆ ಎಷ್ಟು ದಪ್ಪ ಇರುತ್ತೆ ಅಕ್ಕ? ನಿಮಗೆ ಗೊತ್ತಿರುತ್ತಲ್ಲ."

"ತೆಳ್ಳಗಿರುತ್ತೆ," ಅಂದರು ದೊಡ್ಡಮ್ಮ. "ತುಂಬಾ ತೆಳ್ಳಗೆ."

"ಆ ಎರಡನೇ ಟೆಸ್ಟು ಡಾಕ್ಟರು ಬರೆದಿರಲೇ ಇಲ್ಲವಂತೆ. ನಮ್ಮ ಮಗು ಅಂತ ನೀವೇ ಮಾಡಿಸಿದ್ರಾ?"

ದೊಡ್ಡಮ್ಮ ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಲೇಬಲ್ಲುಗಳ ಸುರುಳಿಯನ್ನು ನೆಟ್ಟಗೆ ಮಾಡಿದರು. ಅವಳು ಅದನ್ನೇ ಹೂಂ ಎಂದುಕೊಂಡು ಕಿಟಕಿಯ ಸಂದಿಯಲ್ಲಿ ಅವರ ಕೈ ಹಿಡಿದುಕೊಂಡಳು. ಆಮೇಲೆ, ಹಿಂದೆ ಸಾಲಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ, ಇನ್ನೂ ಮೆಲ್ಲಗೆ ಹೇಳಿದಳು: "ಗುರುವಾರ ಮತ್ತೆ ಒದ್ದೆ ಮಾಡ್ಕೊಂಡ್ಲು ಅಂತ ಹೊಡೆದುಬಿಟ್ಟೆ ಅಕ್ಕ. ರಿಪೋರ್ಟು ಸರಿಯಿದೆ, ಬೇಕಂತ್ಲೇ ಮಾಡ್ತಾಳೆ ಅನ್ಕೊಂಡೆ. ಅಷ್ಟು ನೋವು ಇಟ್ಕೊಂಡಿದ್ದ ಮಗೂನ."

ಅವಳು ಹೋದ ಮೇಲೆ ದೊಡ್ಡಮ್ಮ ಮುಂದಿನವರಿಗೆ ಬಾಟಲಿ ಕೊಟ್ಟರು. ಮೊದಲಿನದು ಬಿಡಿ ಎಂದರು. ಮುಂದಿನ ಮಾತು ಬರಲಿಲ್ಲ.

ಭಾನುವಾರವಿಡೀ ಅವರು ದಾರಿ ಹುಡುಕಿದರು. ಬಾಟಲಿ ಅದಲುಬದಲಾಗಿದೆ ಎನ್ನಬಹುದಿತ್ತು. ಆದರೆ ಹಾಗೆಂದರೆ ಒಳಗಿನವರ ತಲೆಗೆ ಬರುತ್ತದೆ, ಸ್ಲೈಡ್ ಸಾಹೇಬರ ತಲೆಗೆ; ಅವರ ಕೈಯಲ್ಲಿ ಒಂದು ದಿನವೂ ಒಂದು ಗಾಜಿನ ಚೂರು ಅದಲುಬದಲಾದದ್ದಿಲ್ಲ. ನಳಿಕೆ ಹಾಕಲಿ, ಆಗ ಮಗುವಿನದು ಶುದ್ಧ ಎಂದು ತಾನಾಗಿಯೇ ಗೊತ್ತಾಗುತ್ತದೆ, ಎಲ್ಲ ಮುಗಿಯುತ್ತದೆ ಎಂದೂ ಯೋಚಿಸಿದರು. ಆ ಯೋಚನೆ ಬಂದದ್ದಕ್ಕೆ ಆಮೇಲೆ ಬಹಳ ದಿನ ಅವರಿಗೆ ತಮ್ಮ ಮುಖ ಕನ್ನಡಿಯಲ್ಲಿ ನೋಡಿಕೊಳ್ಳಲು ಆಗಲಿಲ್ಲ. ಸಂಜೆ ಎರಡು ಸಲ ಮಹಡಿ ಹತ್ತಿ ಪುಟ್ಟಿಯ ಮನೆಯ ಬಾಗಿಲವರೆಗೆ ಹೋದರು. ಒಳಗೆ ಪುಟ್ಟಿ ಗೊಂಬೆಗೆ ಡಾಕ್ಟರಾಗಿದ್ದಳು. ನೋವಾಗಲ್ಲ, ಕಾಲು ಅಗಲ ಮಾಡು, ಸುಮ್ನೆ ಮಲ್ಕೋ ಎನ್ನುತ್ತಿದ್ದಳು. ದೊಡ್ಡಮ್ಮ ಬಾಗಿಲು ತಟ್ಟದೆ ಇಳಿದುಬಂದರು.

ಸೋಮವಾರ ಬೆಳಿಗ್ಗೆ ದವಾಖಾನೆಯ ಹಸಿರು ಪರದೆಯ ಕೋಣೆಯಲ್ಲಿ ಪುಟ್ಟಿಯನ್ನು ಎತ್ತರದ ಮಂಚದ ಮೇಲೆ ಮಲಗಿಸಿದ್ದರು. ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. ನರ್ಸು ನಳಿಕೆಯ ಪೊಟ್ಟಣದ ಅಂಚು ಸುಲಿಯುತ್ತಿದ್ದಳು. ತೆಗೆದ ಕೂಡಲೇ ಒಯ್ಯಲೆಂದು ಸ್ಲೈಡ್ ಸಾಹೇಬರೇ ಬಂದು ಬಾಗಿಲಲ್ಲಿ ನಿಂತಿದ್ದರು. ಲೇಬಲ್ಲು ಅಂಟಿಸಿದ ಖಾಲಿ ಬಾಟಲಿ ಹಿಡಿದು ದೊಡ್ಡಮ್ಮ ಒಳಗೆ ಬಂದರು. ಪುಟ್ಟಿಯ ಅಮ್ಮ ಮಗುವಿನ ಎರಡೂ ಕೈ ಹಿಡಿದಿದ್ದಳು. ಪುಟ್ಟಿ ಅಳುತ್ತಿರಲಿಲ್ಲ. ದೊಡ್ಡಮ್ಮನನ್ನು ನೋಡಿ ನಕ್ಕಳು. "ಇನ್ಮೇಲೆ ಹಾಸಿಗೇಲಿ ಮಾಡಲ್ಲ ದೊಡ್ಡಮ್ಮ. ಅಮ್ಮಂಗೂ ಹೇಳಿದೀನಿ. ಆದ್ರೂ ಹಾಕ್ತಾರಂತೆ."

ಪೊಟ್ಟಣ ಹರಿದ ಸದ್ದಾಯಿತು.

"ನಳಿಕೆ ಬೇಡ," ಅಂದರು ದೊಡ್ಡಮ್ಮ. ಬೇಕೆಂದು ಏರಿಸಿದ ದನಿಯಲ್ಲ, ಆದರೂ ಬಂದದ್ದು ಕಿಟಕಿಯ ಆ ಕೂಗು ದನಿಯೇ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿತು. "ಆ ಕೀವು ಮಗೂದಲ್ಲ. ನನ್ನದು. ನನ್ನ ಬಾಟಲಿಗೆ ಅವಳ ಲೇಬಲ್ಲು ನಾನೇ ಹಚ್ಚಿದ್ದು."

ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು. ಉಕ್ಕಿ ಬಂದ ಕೆಮ್ಮನ್ನು ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಕೆಮ್ಮಿನ ಜತೆ ಅದನ್ನೂ ತಡೆಯಲಾಗಲಿಲ್ಲ. ಕಾಲಿನುದ್ದಕ್ಕೆ ಬಿಸಿಯಾಗಿ ಇಳಿದು, ಬಿಳಿ ನೆಲದ ಮೇಲೆ ಅಂಗೈಯಗಲ ಹರಡಿತು. ನೆಲವಾದರೂ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು ಅವರಿಗೆ. ನುಂಗಲಿಲ್ಲ. ಅವರು ಅಲ್ಲೇ ನಿಂತಿದ್ದರು.

ಪುಟ್ಟಿಯ ಅಮ್ಮ ಮಗುವಿಗೆ ಬಟ್ಟೆ ಹಾಕಿದಳು. ಚಪ್ಪಲಿಯ ಪಟ್ಟಿ ಎರಡು ಸಲ ಕೈತಪ್ಪಿತು. ಎತ್ತಿಕೊಂಡು ಹೊರಡುವಾಗ ದೊಡ್ಡಮ್ಮನ ಎದುರು ಒಂದು ಗಳಿಗೆ ನಿಂತಳು. "ನಿಮ್ಮ ಕೈ ಹಿಡಕೊಂಡಿದ್ದೆನಲ್ಲ ಅಕ್ಕ," ಅಂದಳು. ಅಷ್ಟೇ. ದೊಡ್ಡಮ್ಮನಿಗೂ ನಳಿಕೆ ಹಾಕ್ತಾರಾ ಎಂದು ಪುಟ್ಟಿ ತಾಯಿಯ ಹೆಗಲ ಮೇಲಿಂದ ಕೇಳುತ್ತಲೇ ಇದ್ದಳು.

ಸ್ಲೈಡ್ ಸಾಹೇಬರು ಹೊರಗಿನವರಿಗೆ ಕಾಣದಂತೆ ಬಾಗಿಲು ಎಳೆದರು. ಒಂದು ಕುರ್ಚಿಗೆ ಟವೆಲ್ಲು ಹಾಸಿ ಕೂರಿಸಿದರು. ನೆಲವನ್ನು ತಾವೇ ಒರೆಸಿದರು. ಬಟ್ಟೆ ಹಿಂಡುತ್ತ, ತಲೆ ಎತ್ತದೆ, "ಇಷ್ಟು ವರ್ಷ ನಾನಾಡಿದ್ದೆಲ್ಲ ನಿಮ್ಮ ಕಿವಿ ಮೇಲೇ ಬೀಳ್ತಿತ್ತಲ್ಲ," ಅಂದರು. ಆ ಮಾತಿಗೆಲ್ಲ ನಕ್ಕವರು ದೊಡ್ಡಮ್ಮನೇ.

ಯಜಮಾನರು ಬೈಯಲಿಲ್ಲ. ಲೇಬಲ್ಲು ಸುಳ್ಳಾದರೆ ಈ ಲ್ಯಾಬಿನಲ್ಲಿ ಉಳಿಯುವುದು ಗೋಡೆ ಮಾತ್ರ ಎಂದರು. ಹದಿನೈದು ದಿನ ಮನೆಯಲ್ಲಿರಬೇಕು, ಆಮೇಲೆ ಕಿಟಕಿಯಲ್ಲೇ ಕೂರಿಸುವುದೋ ಒಳಗಿನ ಕಪಾಟಿನ ಕೆಲಸಕ್ಕೆ ಹಾಕುವುದೋ ನೋಡೋಣ ಎಂದರು. ಮನೆಯಲ್ಲಿ ಗಂಡನಿಗೂ ಹೇಳಬೇಕಾಯಿತು. ಅವರು ಕಣ್ಣಿನ ಮಸೂರ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯ ತಮಾಷೆ ಎಷ್ಟು ಸಲ ಮಾಡಿದ್ದೆನೆಂದು ಕೇಳಿದರು. ಆಮೇಲೆ ಹೋಗಿ, ತಮ್ಮ ಅಂಗಿಗಳ ಅಡಿಯಲ್ಲಿದ್ದ ಆ ಬಟ್ಟೆಗಳನ್ನು ತೆಗೆದು ಬಿಸಿಲು ಬೀಳುವ ಹಗ್ಗಕ್ಕೆ ಹಾಕಿಬಂದರು.

ಈ ಸಲ ಚೀಟಿಯ ಮೇಲೆ ದೊಡ್ಡಮ್ಮನ ಹೆಸರೇ ಇತ್ತು. ಸೋಂಕಿಗೆ ಏಳು ದಿನದ ಮಾತ್ರೆ. ಸೋರುವುದಕ್ಕೆ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ. ಮೂರು ತಿಂಗಳು ಮಾಡಿ ನೋಡೋಣ, ಆಗದಿದ್ದರೆ ಬೇರೆ ದಾರಿಗಳಿವೆ ಎಂದರು ಹೆಂಗಸರ ಡಾಕ್ಟರು. ಅದಕ್ಕೂ ಮೊದಲು ಮೂರು ದಿನದ ಒಂದು ದಾಖಲೆ ಬೇಕೆಂದು ಗೆರೆ ಎಳೆದು ಮನೆ ಹಾಕಿದ ಕಾಗದ ಕೊಟ್ಟರು. ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟಾಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ.

ಆ ಕಾಗದ ಎರಡು ದಿನ ಖಾಲಿಯೇ ಇತ್ತು. ಮೊದಲ ದಿನ ಒಂಬತ್ತು ಸಲ ಹೋದದ್ದನ್ನು ಐದು ಎಂದು ಬರೆದು, ಉಜ್ಜಿ ಅಳಿಸಿದ ಗುರುತೊಂದು ಮಾತ್ರ ಅದರಲ್ಲಿತ್ತು. ಮೂರನೇ ದಿನ ಮಧ್ಯಾಹ್ನ ದೊಡ್ಡಮ್ಮ ಅದನ್ನು ಹಿಡಿದು ಮಹಡಿ ಹತ್ತಿದರು. ಎಂಟು ದಿನದಿಂದ ಪುಟ್ಟಿಯ ಅಮ್ಮ ಅವರ ಜತೆ ಮಾತಾಡಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಮಗುವನ್ನು ಗೋಡೆಯ ಕಡೆಗೆ ಸರಿಸಿಕೊಂಡು ಹೋಗುತ್ತಿದ್ದಳು.

ಬಾಗಿಲು ತೆರೆದವಳು ಪುಟ್ಟಿ. ಶಾಲೆಯ ಶೌಚಾಲಯದ ಬಾಗಿಲಿಗೆ ಈಗ ಚಿಲಕ ಹಾಕಿದ್ದಾರೆ, ಇನ್ನು ಮೇಲೆ ಸಂಜೆವರೆಗೆ ತಡೆದುಕೊಳ್ಳಬೇಕಾಗಿಲ್ಲ, ಅಮ್ಮ ಹೋಗಿ ಜಗಳ ಮಾಡಿದಳು ಎಂದು ಒಂದೇ ಉಸಿರಿಗೆ ಹೇಳಿದಳು. ಒಳಗೆ ಮೇಜಿನ ಮುಂದೆ ಅವಳ ಅಮ್ಮ ದಿನಚರಿ ಬರೆಯುತ್ತಿದ್ದಳು. ದೊಡ್ಡಮ್ಮನನ್ನು ಕಂಡು ಪೆನ್ನು ನಿಂತಿತು.

ದೊಡ್ಡಮ್ಮ ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತು, ಮೊದಲು ಮಗುವಿನ ಜತೆ ಮಾತಾಡಿದರು. "ಪುಟ್ಟೀ, ನಿನ್ನ ಬಾಟಲಿ ಶುದ್ಧವಾಗಿತ್ತು. ಕೊಳಕಾಗಿದ್ದದ್ದು ನನ್ನದು. ತಪ್ಪು ನಂದು ಕಣೇ."

"ಈಗ ನೀರು ಕುಡೀತೀರಾ?"

"ಕುಡೀತಿದೀನಿ."

ಆಮೇಲೆ ಅವರು ಎದ್ದು ನಿಂತು, ಆ ಕಾಗದವನ್ನು ತಾಯಿಯ ಕಡೆಗೆ ಚಾಚಿದರು. ಅವಳು ಕೂತಲ್ಲಿಂದಲೇ ಕೈ ನೀಡಿ ತೆಗೆದುಕೊಂಡಳು, ಮನೆಗಳನ್ನು ಓದಿದಳು, ಅಳಿಸಿದ ಗುರುತನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾನೇ ಬರೆದ್ರೆ ಸುಳ್ಳು ಬರೀತೀನಿ," ಅಂದರು ದೊಡ್ಡಮ್ಮ. "ನನ್ನ ಕೈ ನನಗೇ ನಂಬಿಕೆ ಇಲ್ಲ. ಪ್ರತಿ ಸಲ ಮೆಟ್ಟಿಲು ಹತ್ತಿ ಬಂದು ಹೇಳ್ತೀನಿ, ಸೋರಿದ್ದೂ ಹೇಳ್ತೀನಿ. ನಿನ್ನ ಮುಖ ನೋಡ್ಕೊಂಡು ಸುಳ್ಳು ಹೇಳೋಕಾಗಲ್ಲ. ಮಾತಾಡದಿದ್ರೂ ಪರವಾಗಿಲ್ಲ, ಮೂರು ದಿನ ಬರಕೊಡ್ತೀಯಾ ತಂಗಿ? ಮೇಲುಗಡೆ ಮೊದ್ಲು ನನ್ನ ಹೆಸರು ಬರಿ."